ಅಕ್ಕನ ಮದುವೆಗೆ ಮುಂಚೆ ಮಂಜುಗೆ ಬರೆದದ್ದು

ಉಜಿರೆ

ಪ್ರೀತಿಯ ಮಂಜುಗೆ ಮಾವನ ಆಶೀರ್ವಾದ.

ನಿನ್ನ ಕಾಗದ ಬಂತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ವಿಷಯ ಮತ್ತೆ ಎತ್ತುವುದಿಲ್ಲ. ಗ್ಯಾರೇಜಿನ ಕೆಲಸ ಹಿಡಿಸಿದೆ ಅಂತ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಮಾತು ಬರೆದೆಯಲ್ಲ, "ಮದುವೆ ದಿನ ಅಡುಗೆ ಕಡೆಯೇ ಇರ್ತೀನಿ ಮಾವ, ಹೊರಗೆ ಬಂದ್ರೆ ಎಲ್ಲರೂ ಏನು ಓದ್ತಿದೀಯ ಅಂತ ಕೇಳ್ತಾರೆ" ಅಂತ. ಅದು ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ನೀನು ಒಳಗೆ ಕೂತರೆ ಲಾಜಾಹೋಮದಲ್ಲಿ ಅಕ್ಕನ ಕೈಗೆ ಅರಳು ಹಾಕುವವರು ಯಾರು? ಅದಕ್ಕೆ ತಮ್ಮನೇ ಬೇಕು. ಓದಿದ ತಮ್ಮ, ಓದದ ತಮ್ಮ ಅಂತ ಅಲ್ಲಿಲ್ಲ.

ನಾನು ಮುಂಬೈ ಹೋಟೆಲಿಗೆ ಸೇರಿದ್ದು ನಿನಗೆ ಗೊತ್ತು. ಆಗ ನಮ್ಮ ಕಡೆಯ ಎಷ್ಟೋ ಹುಡುಗರು ಏಳೋ ಎಂಟೋ ಓದಿ ಅಲ್ಲಿಗೇ ಹೋಗುತ್ತಿದ್ದರು. ದಿನವಿಡೀ ಪ್ಲೇಟು ತೊಳೆದು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟುತ್ತಿತ್ತು, ಊಟಕ್ಕೆ ಕೂತರೆ ಉಪ್ಪಿನಕಾಯಿ ಮುಟ್ಟಲು ಆಗುತ್ತಿರಲಿಲ್ಲ. ಸಂಜೆ ಅಲ್ಲೇ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆ. ನಮ್ಮಂಥ ಹೋಟೆಲ್ ಹುಡುಗರೇ ಅಲ್ಲಿ ಜಾಸ್ತಿ. ಹೋಟೆಲಿನಲ್ಲಿ ನಾವೆಲ್ಲ ಬರೀ "ಏಯ್ ಹುಡುಗ". ಶಾಲೆಯಲ್ಲಿ ಮೇಷ್ಟ್ರು ಹಾಜರಿ ಹಾಕುವಾಗ ಪೂರ್ತಿ ಹೆಸರು ಕರೆಯುತ್ತಿದ್ದರು. ಪಾಠಕ್ಕಿಂತ ಅದನ್ನು ಕೇಳೋಕೇ ಹೋಗುತ್ತಿದ್ದೆನೋ ಏನೋ.

ಆದರೂ ಊರಿಗೆ ಬರಲು ನಾಚಿಕೆ. ಜಾತ್ರೆಗೆ ಬಾ ಅಂತ ನಿನ್ನ ಅಜ್ಜಿ ಯಾರ ಕೈಲೋ ಕಾಗದ ಬರೆಸುತ್ತಿದ್ದಳು. ರಜೆ ಇಲ್ಲ ಅಂತ ಬರೆಯುತ್ತಿದ್ದೆ. ಜೊತೆಗೆ ಓದಿದವರು ಎದುರಾದರೆ ಏನು ಹೇಳಲಿ? ನಿನ್ನದೇ ಹೆದರಿಕೆ, ಮಗಾ. ಎಸ್ಸೆಸ್ಸಿ, ಅಂದರೆ ಅಲ್ಲಿನ ಹತ್ತನೇ ಕ್ಲಾಸು, ಪಾಸಾಗಿ ಧೈರ್ಯವಾಗಿ ಬಂದೆ. ಅಷ್ಟರಲ್ಲಿ ಅಜ್ಜಿಗೆ ಮಂಡಿನೋವು, ಜಾತ್ರೆ ಇರಲಿ, ಅಂಗಳ ದಾಟುವುದೇ ಕಷ್ಟವಾಗಿತ್ತು. ಅವಳ ಜೊತೆ ಒಂದು ಸಲ ತೇರು ನೋಡಬಹುದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಶಾಲೆ ಬಿಟ್ಟಿದ್ದು ನನಗೆ ಅಷ್ಟು ಚಿಂತೆಯಲ್ಲ. ಜನರನ್ನು ಬಿಡುತ್ತೀಯೇನೋ ಅಂತ ಭಯ. ಇವತ್ತು ಮದುವೆ ಮನೆ, ನಾಳೆ ಗಣಪತಿ ಹಬ್ಬ, ಆಮೇಲೆ ಫೋನ್ ಮಾಡಿದರೂ ಎತ್ತುವುದಿಲ್ಲ. ಇದು ಅಭ್ಯಾಸವಾಗಿಬಿಡುತ್ತದೆ.

ಯಾರಾದರೂ ಕೇಳಿದರೆ "ಗ್ಯಾರೇಜಲ್ಲಿ ಕೆಲಸ ಕಲೀತಿದೀನಿ" ಅನ್ನು, ಸಾಕು. ಅವರಿಗೂ ಬೇರೆ ಮಾತು ಗೊತ್ತಿಲ್ಲದೆ ಕೇಳುತ್ತಾರೆ, ಅಲ್ವಾ?

ಓದಿನ ಬಗ್ಗೆ ಒತ್ತಾಯವಿಲ್ಲ, ಸುಮ್ನೆ ತಿಳಿದಿರಲಿ ಅಂತ. 15 ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ನೇರವಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ, ಒಂದೆರಡು ವಿಷಯ ಉಳಿದರೂ ಇಡೀ ವರ್ಷ ಕಾಯಬೇಕಿಲ್ಲ. ಐಟಿಐನಲ್ಲಿ ವೆಲ್ಡರ್‌ನಂಥ ಕೆಲವು ಟ್ರೇಡಿಗೆ ಎಂಟನೇ ಕ್ಲಾಸ್ ಪಾಸಾಗಿದ್ದರೂ ನಡೆಯುತ್ತದೆ. ಇಲ್ಲಿ ನಮ್ಮೂರಲ್ಲಿ 1982ರಿಂದ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಇದೆ. ಬೈಕ್ ರಿಪೇರಿಯನ್ನೂ ಕಲಿಸುತ್ತಾರೆ, ಊಟ ವಸತಿ ಎಲ್ಲ ಉಚಿತ. ಆದರೆ 18 ಆಗಿರಬೇಕು, ನಿನಗೆ ಇನ್ನೂ ಕೆಲವು ತಿಂಗಳಿದೆ. ಜಾಸ್ತಿ ಹೇಳಿದೆನೇನೋ.

ಶಾಲೆಯಿಂದ ಟಿಸಿ ತಂದಿದ್ದೀಯಾ? ಒಬ್ಬನೇ ಹೋಗಲು ಮುಜುಗರವಾದರೆ ನಾನೂ ಬರುತ್ತೇನೆ. ಮದುವೆಗೆ ಹೇಗೂ ಮುಂಚೆಯೇ ಬರುವವನು. ಬಾಗಿಲಲ್ಲಿ ನಿಂತು ಬಂದವರಿಗೆ ಪಾನಕ ಕೊಡುವ ಕೆಲಸ ನನಗೂ ಮಂಜುಗೂ ಇರಲಿ ಅಂತ ನಿನ್ನ ಅಮ್ಮನಿಗೆ ಹೇಳಿಬಿಟ್ಟಿದ್ದೇನೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡ.

ಇಂತಿ,
ನಿನ್ನ ಮಾವ