ಹೂವಿನ ಮೂಟೆ

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನೆ ನಿಮ್ಮಮ್ಮ ಫೋನ್ ಮಾಡಿ ಅತ್ತಳು. ಕೆಲಸ ಹೋಗಿ ಮೂರು ತಿಂಗಳಾಯಿತಂತೆ. ನೀನು ಪಿಜಿ ರೂಮು ಬಿಟ್ಟು ಆಚೆ ಬರುತ್ತಿಲ್ಲವಂತೆ, ಯಾರ ಫೋನೂ ಎತ್ತುವುದಿಲ್ಲವಂತೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕಾದರೆ ತಕ್ಷಣ ಉತ್ತರ ಕೊಡಬೇಕಿಲ್ಲ, ಅಲ್ವಾ?

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. 1981ರ ಶುರುವಿನಲ್ಲಿ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ದೊಡ್ಡ ಮುಷ್ಕರ ನಡೆದಿತ್ತು. ಒಟ್ಟು 77 ದಿನ. ನಾನೂ ಅದರಲ್ಲಿದ್ದೆ. ಸಂಬಳವಿಲ್ಲ, ಬಾಡಿಗೆ ಬಾಕಿ, ದಿನಸಿ ಅಂಗಡಿಯವನು ಉದ್ದರಿ ನಿಲ್ಲಿಸಿದ್ದ. ಕುಡಿಯುವುದಕ್ಕೆ ಮಾತ್ರ ಹೇಗೋ ದುಡ್ಡು ಸಿಗುತ್ತಿತ್ತು. ಒಂದು ರಾತ್ರಿ ನಿಮ್ಮತ್ತೆ ಜೊತೆ ಜಗಳವಾಡಿ, ಎರಡು ಜೊತೆ ಬಟ್ಟೆ ತುಂಬಿಕೊಂಡು ಮೆಜೆಸ್ಟಿಕ್‌ಗೆ ಬಂದೆ. ಬೆಳಗ್ಗೆ ಯಾವ ಬಸ್ಸು ಮೊದಲು ಹೊರಡುತ್ತದೋ ಅದನ್ನು ಹತ್ತುವುದು, ವಾಪಸ್ ಬರುವುದೇ ಇಲ್ಲ ಅಂತ.

ಇನ್ನೂ ಕತ್ತಲಿತ್ತು. ನಮ್ಮಜ್ಜಿ ವಯಸ್ಸಿನ ಒಬ್ಬಾಕೆ ಒಂದು ಹೂವಿನ ಮೂಟೆ ತಂದು ನನ್ನ ಕಾಲ ಬುಡದಲ್ಲಿ ಇಳಿಸಿದಳು. "ಸ್ವಲ್ಪ ನೋಡ್ಕೊಳಪ್ಪ, ಇನ್ನೊಂದು ಮೂಟೆ ಬಸ್ಸಿನ ಮೇಲೈತೆ" ಅಂದು ಹೊರಟೇಬಿಟ್ಟಳು. ನನ್ನ ಬಾಯಿ ವಾಸನೆ ಅವಳಿಗೆ ಬಡಿದಿರಲೇಬೇಕು. ಆದರೂ ನಂಬಿದಳು. ಅಥವಾ ಅಲ್ಲಿ ಬೇರೆ ಯಾರೂ ಇರಲಿಲ್ಲವೋ ಏನೋ! ಅವಳು ಬರುವಷ್ಟರಲ್ಲಿ ಎರಡು ಬಸ್ಸು ಹೋದವು. ಮೂಟೆ ಬಿಟ್ಟು ಏಳಲು ನನ್ನಿಂದ ಆಗಲಿಲ್ಲ. ಬಂದವಳು ಒಂದು ಮೂಟೆ ನನ್ನ ತಲೆಗೇ ಹೊರಿಸಿದಳು. ಸಿಟಿ ಮಾರ್ಕೆಟ್‌ವರೆಗೂ ಹೋದೆ. ಯಾರು ನೀನು, ಇಲ್ಲೇಕೆ ಕೂತಿದ್ದೆ, ಒಂದೂ ಕೇಳಲಿಲ್ಲ. ಎರಡು ಮೊಳ ಕನಕಾಂಬರ ಕೈಗಿಟ್ಟು "ಮನೇಲಿ ಕೊಡು" ಅಂದಳು. ಆ ಹೂವು ಹಿಡಿದುಕೊಂಡು ನಾನು ಯಾವ ಊರಿಗೆ ಹೋಗಲಿ, ಹೇಳು?

ಅವತ್ತೇ ಕುಡಿತ ಬಿಟ್ಟೆ ಅಂದುಕೊಳ್ಳಬೇಡ. ಅದಕ್ಕೆ ಇನ್ನೂ ನಾಲ್ಕು ವರ್ಷ ಹಿಡಿಯಿತು, ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳಿಗೆ ಅಲೆದಮೇಲೆ. ಕುಡಿತ ಬಿಡಬೇಕೆನ್ನುವವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಕೂಟ ಅದು. ಆ ಕೂಟ ಹುಟ್ಟಿದ್ದೂ ಹೀಗೇ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಎಂಬ ಊರು. ಬಿಲ್ ವಿಲ್ಸನ್ ಅನ್ನುವವನು ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟು, ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದಾನೆ. ಪಕ್ಕದಲ್ಲೇ ಬಾರ್. ಅವನು ಬಾರಿಗೆ ಹೋಗದೆ ಊರಿನ ಪಾದ್ರಿಗಳಿಗೆ ಫೋನ್ ಮಾಡಿದ, ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿ ಎಂದು. ಕೊನೆಗೆ ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್. ಹದಿನೈದೇ ನಿಮಿಷ ಅಂತ ಹೇಳಿ ಬಂದ ಡಾಕ್ಟರು ಆರು ಗಂಟೆ ಕೂತರು. ಬಿಲ್ ಬುದ್ಧಿ ಹೇಳಲು ಬಂದವನಲ್ಲ, ತಾನು ಉಳಿದುಕೊಳ್ಳಲು ಬಂದವನು. ಡಾಕ್ಟರನ್ನು ಹಿಡಿದು ಕೂರಿಸಿದ್ದು ಅದೇ ಅಂತ ನನಗನ್ನಿಸುತ್ತದೆ. ನಾವು ನೆಂಟರು ಬುದ್ಧಿ ಹೇಳುವುದು ಜಾಸ್ತಿ. ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸಿನಿಂದ ಹಿಡಿದು ಎಲ್ಲ ಲೆಕ್ಕ ಇಟ್ಟಿರುತ್ತೇವೆ. ಹೊರಗಿನವರಿಗೆ ಆ ಲೆಕ್ಕ ಗೊತ್ತಿರುವುದಿಲ್ಲ.

ಹಾಗಂತ ಸಿಕ್ಕವರನ್ನೆಲ್ಲ ನಂಬು ಅನ್ನುತ್ತಿಲ್ಲ. ಅದೇ ಮೆಜೆಸ್ಟಿಕ್‌ನಲ್ಲಿ ನನ್ನ ಜೇಬಿಗೆ ಎರಡು ಸಲ ಕತ್ತರಿ ಬಿದ್ದಿದೆ. ರಾತ್ರಿ ಮನಸ್ಸು ತೀರಾ ಕೆಟ್ಟರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಲ್ಲಿ ಶುರುವಾಯಿತು. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಿಗೂ ಇರುತ್ತಾರೆ. ನಿನ್ನ ಗುರುತಿಲ್ಲದವರ ಹತ್ತಿರ ಅಳುವುದಕ್ಕೆ ನಾಚಿಕೆ ಕಡಿಮೆ.

ಈ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಗಾಂಧಿ ಬಜಾರಿನಲ್ಲಿ ಹೂವಿನ ರೇಟು ಕೇಳಿದರೆ ತಲೆ ತಿರುಗುತ್ತದೆ. ಗುರುವಾರ ಬೆಳಗ್ಗೆ ಐದಕ್ಕೆಲ್ಲ ಮಾರ್ಕೆಟ್‌ಗೆ ಹೋಗಬೇಕು. ನನಗೋ ಮಂಡಿ ನೋವು, ಚೀಲ ಹೊರಲು ಆಗುವುದಿಲ್ಲ. ಬುಧವಾರ ರಾತ್ರಿಯೇ ಬಂದು ಇಲ್ಲೇ ಮಲಗು. ನಿಮ್ಮತ್ತೆಗೆ ಕನಕಾಂಬರವೇ ಆಗಬೇಕಂತೆ.

ಇಂತಿ,
ನಿನ್ನ ಮಾವ