ಇಪ್ಪತ್ತಕ್ಕೆ ಹದಿನೆಂಟು

ಗೆಳೆಯಾ,

ಎರಡು ಸಲ ಮಾಡಿದರೂ ಫೋನ್ ಎತ್ತಲಿಲ್ಲ ನೀನು, ಅದಕ್ಕೇ ಎಲ್ಲರೆದುರು ಇಲ್ಲೇ ಬರೀತಿದ್ದೀನಿ. ನೀಲಿ ಛತ್ರಿ ವಿಷಯ ಎತ್ತಲ್ಲ, ಹೆದರಬೇಡ.

ಮೊನ್ನೆ ಹಳೇ ವಿದ್ಯಾರ್ಥಿಯೊಬ್ಬ ಬಂದಿದ್ದ. ಬಿಕಾಂ ಮುಗಿಸಿ ವರ್ಷವಾಯ್ತು. ನನ್ನ ಉದ್ಯಮಶೀಲತೆ ಪೇಪರಿಗೆ ಅಡಿಕೆ ಹಾಳೆ ತಟ್ಟೆ ಮಾಡುವ ಪ್ರಾಜೆಕ್ಟ್ ರಿಪೋರ್ಟ್ ಬರೆದಿದ್ದ. ಇಪ್ಪತ್ತಕ್ಕೆ ಹದಿನೆಂಟು ಕೊಟ್ಟಿದ್ದೆ. ಅದನ್ನೇ ನಂಬಿ, ಅಮ್ಮನ ಬಳೆ ಅಡವಿಟ್ಟು ಮೆಷಿನ್ ತಂದ. ಹಾಳೆಯನ್ನು ಮಳೆಗೆ ಮೊದಲೇ, ವರ್ಷಕ್ಕಾಗುವಷ್ಟು ಕೊಂಡು ಒಣಗಿಸಿಡಬೇಕು. ಅಷ್ಟಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ಕೊಂಡ ಚೂರುಪಾರಿಗೂ ಆಷಾಢದಲ್ಲಿ ಬೂಷ್ಟು ಹಿಡಿಯಿತು. ದುಡಿಯುವ ಬಂಡವಾಳ, ಅಂದರೆ ಸರಕು ಕೊಂಡು ವ್ಯವಹಾರ ನಡೆಸಲು ಕೈಯಲ್ಲಿರಬೇಕಾದ ದುಡ್ಡು, ನಮ್ಮಲ್ಲಿ ಎರಡು ಅಂಕದ ಪ್ರಶ್ನೆ ಕಣೋ. ಅವನ ರಿಪೋರ್ಟಿನಲ್ಲಿ ಆ ಲೆಕ್ಕವೇ ಇರಲಿಲ್ಲ. ತಿದ್ದಿದ ನನಗೂ ಅದು ಕಂಡಿರಲಿಲ್ಲ.

"ಸರ್, ಯುವನಿಧಿಗೆ ಹಾಕ್ಬೇಕು. ಸ್ವಂತ ಉದ್ಯೋಗ ಇದ್ದವರಿಗೆ ಕೊಡಲ್ವಂತೆ. ನಾನೀಗ ನಿರುದ್ಯೋಗಿನಾ, ಉದ್ಯಮಿನಾ?"

ನಿರುದ್ಯೋಗಿ ಪದವೀಧರರಿಗೆ ಸರ್ಕಾರ ಕೊಡುವ ತಿಂಗಳ 3,000 ರೂಪಾಯಿಗಾಗಿ ಕೇಳಿದ ಪ್ರಶ್ನೆ. ನನಗೆ ಬಾಯಿ ಬರಲಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) 2024ರ ವರದಿಯನ್ನು ಮೊದಲ ತರಗತಿಯಲ್ಲೇ ಓದಿ ಹೇಳುವವನು ನಾನು: 2022ರಲ್ಲಿ ಭಾರತದ ಪದವೀಧರ ಯುವಜನರ ನಿರುದ್ಯೋಗ ಶೇ. 29.1, ಓದುಬರಹ ಬಾರದ ಯುವಜನರದ್ದು ಶೇ. 3.4. ಅದಕ್ಕೇ ಕೆಲಸ ಹುಡುಕಬೇಡಿ, ಕೆಲಸ ಕೊಡಿ ಅಂತಿದ್ದೆ. ಕೆಲಸವಿಲ್ಲ ಎಂಬ ಭಾರವನ್ನು ಇಪ್ಪತ್ತೊಂದರ ಹುಡುಗನ ಹೆಗಲಿಗೆ ದಾಟಿಸುತ್ತಿದ್ದೆ ಅಂತ ಆಗ ಹೊಳೆದಿರಲಿಲ್ಲ. ಉಜಿರೆಯಲ್ಲಿ 1982ರಲ್ಲಿ ಶುರುವಾದ, ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್‌ನವರು ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ತಾರೆ. ನಾನು ವೈವಾ ಮುಗಿದ ಸಂಜೆಗೇ ಅವನನ್ನು ಮರೆತಿದ್ದೆ.

ಇನ್ನೊಂದಿದೆ. ಅಪ್ಪ ಅಂಗಡಿ ಬೀಗದ ಕೈ ಕೊಡಲು ಬಂದಾಗ ಉಪನ್ಯಾಸಕನಾಗಲು ಬರೆಯುವ ನೆಟ್ ಪರೀಕ್ಷೆಯ ನೆವ ಹೇಳಿದ್ದೆನಲ್ಲ, ಅದು ಸುಳ್ಳು. ಉದ್ರಿ ಪುಸ್ತಕ ನೋಡಿ ಹೆದರಿದ್ದೆ. ಬಾಕಿ ಕೇಳಿಕೊಂಡು ಮನೆಮನೆ ತಿರುಗುವ ಧೈರ್ಯ ನನಗಿರಲಿಲ್ಲ. ಅಪ್ಪ ಹೋದ ಮೇಲೂ ಯಾರಿಗೂ ಇದನ್ನು ಹೇಳಿಲ್ಲ. ಇವತ್ತಿಗೂ ಅತಿಥಿ ಉಪನ್ಯಾಸಕ, ವರ್ಷವರ್ಷ ಹೊಸ ಅರ್ಜಿ. ನಾನೇ ಇಡದ ಹೆಜ್ಜೆಯನ್ನು ಅವನಿಂದ ಇಡಿಸಿದೆ.

ಬಿಡು, ಉಳಿದಿದ್ದು ಎದುರಿಗೆ ಸಿಕ್ಕಾಗ. ಒಂದು ಶನಿವಾರ ಗಿರಣಿಗೆ ರಜೆ ಹಾಕಿ ನಮ್ಮ ತರಗತಿಗೆ ಬಾ. ಭಾಷಣ ಬೇಡ, ನಿನ್ನ ಉದ್ರಿ ಪುಸ್ತಕ ತಾ, ಮಕ್ಕಳು ನೋಡಲಿ. ಆ ಹುಡುಗನೂ ಬೂಷ್ಟು ಹಿಡಿದ ಹಾಳೆ ತರ್ತೀನಿ ಅಂದಿದ್ದಾನೆ. ಅಮ್ಮ ಕಡುಬು ಮಾಡ್ತಾಳೆ. ಮಳೆ ಜೋರಿದೆ, ಛತ್ರಿ ಮರೀಬೇಡ. ಯಾವ ಬಣ್ಣದ್ದಾದರೂ ಸರಿ.

ನಿನ್ನವನು