ಅದನ್ನು ಬಸ್ಸಿನಲ್ಲಿ ತರಬೇಡ

ಚಿ. ಪುಟ್ಟುವಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ತೋಟದ ಲೆಕ್ಕಕ್ಕೆ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಸಾಲು ಗೀಚಿದ್ದೀಯಲ್ಲ, ಅಜ್ಜನ ರಿವಾಲ್ವರನ್ನು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಶನಿವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಒಯ್ಯುತ್ತೇನೆ, ಅಲ್ಲೊಬ್ಬರು ನೋಡಿ ಬೆಲೆ ಹೇಳುತ್ತಾರಂತೆ ಎಂದು. ಅದನ್ನು ಓದಿದ ಮೇಲೆ ಬೇರೆ ಯಾವುದೂ ತಲೆಗೆ ಹತ್ತಲಿಲ್ಲ. ಚಿಕ್ಕಮ್ಮ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲವಂತೆ.

ಅದು ನಿನ್ನ ಹೆಸರಿನಲ್ಲಿಲ್ಲ ಮಾರಾಯ. ಲೈಸೆನ್ಸು ಅಣ್ಣನದು, ಅಣ್ಣನ ಜೊತೆಗೇ ಮುಗಿಯಿತು. ಈಗ ಅದು ಬೀರುವಿನಲ್ಲಿರುವುದೇ ಸರಿಯಲ್ಲ, ಇನ್ನು ಬಸ್ಸಿನಲ್ಲಿ! ಕೊಡಗಿನವರಿಗೆ ಲೈಸೆನ್ಸೇ ಬೇಡ ಎಂದು ನಿನ್ನ ಸ್ನೇಹಿತ ಹೇಳಿದನಂತೆ. ಆ ವಿನಾಯಿತಿ ಕೊಡವರಿಗೆ, ಅಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಇಟ್ಟುಕೊಂಡವರಿಗೆ. ಸಕಲೇಶಪುರದ ನಮಗೆ ಅದರ ಗಾಳಿಯೂ ಸೋಕುವುದಿಲ್ಲ.

ಇನ್ನೊಂದು ವಿಷಯ ನಿನಗೆ ಯಾರೂ ಹೇಳಿರಲಾರರು. ಅದು .455 ಬೋರಿನದು, ಬೋರು ಅಂದರೆ ನಳಿಗೆಯ ತೂತಿನ ಅಳತೆ. ಸೈನ್ಯದ ತೋಟೆ ಹಾಕಿ ಹೊಡೆಯಬಹುದಾದ ಬೋರುಗಳನ್ನು ಸರ್ಕಾರ ಬೇರೆಯೇ ಪಟ್ಟಿಯಲ್ಲಿಟ್ಟಿದೆ: .303 ರೈಫಲು, .380 ಮತ್ತು .455 ರಿವಾಲ್ವರು, ಇಂಥವೆಲ್ಲ ಪ್ರೊಹಿಬಿಟೆಡ್, ಅಂದರೆ ನಿಷೇಧಿತ ಬೋರು. ನಮ್ಮ ಕಡೆ ತೋಟದ ಮನೆಗಳಲ್ಲಿರುವ ಜೋಡಿ ನಳಿಗೆ ಕೋವಿಯ ಹಾಗಲ್ಲ. 2019ರಲ್ಲಿ ಆಯುಧ ಕಾಯ್ದೆ ತಿದ್ದಿದ ಮೇಲೆ ಇಂಥದ್ದು ಲೈಸೆನ್ಸಿಲ್ಲದೆ ಕೈಯಲ್ಲಿ ಸಿಕ್ಕರೆ ಕಡಿಮೆಯೆಂದರೆ 7 ವರ್ಷ, ಹೆಚ್ಚೆಂದರೆ 14. ಹೆದರಿಸುತ್ತಿದ್ದಾನೆ ಅಂದುಕೊಳ್ಳಬೇಡ. ಹೆದರಿರುವವನು ನಾನು. ದಾರಿಯಲ್ಲಿ ಒಂದು ಚೆಕ್‌ಪೋಸ್ಟು, ಒಬ್ಬ ಪೇದೆ 'ಬ್ಯಾಗ್ ತೆಗಿ' ಅಂದರೆ ಸಾಕು. 'ಅಜ್ಜನದು ಸಾರ್, ಬೆಲೆ ಕೇಳೋಕೆ ಹೊರಟಿದ್ದೆ' ಅಂದರೆ ಯಾರು ನಂಬುತ್ತಾರೆ?

ಅಜ್ಜ ಬರ್ಮಾ ಯುದ್ಧದಲ್ಲಿ ಬಳಸಿದ್ದು ಎಂದು ಬರೆದಿದ್ದೀಯ. ಅದರ ಮೈಮೇಲೆ 1917 ಎಂದಿದೆ ಅಂತಲೂ ನೀನೇ ಬರೆದಿದ್ದೀಯ. 1917ರಲ್ಲಿ ನಿಮ್ಮಜ್ಜ ಹಾಲು ಕುಡಿಯುವ ಕೂಸು, ಅವರಿಗೆಂದು ಆದದ್ದಲ್ಲ ಅದು. ಅವರು ಬರ್ಮಾ ಇರಲಿ, ಮಂಗಳೂರು ದಾಟಿ ಆಚೆ ಹೋದವರೇ ಅಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ರಿವಾಲ್ವರು ಅಲ್ಲಿನ ಬಿಳಿಯ ದೊರೆಯದು, ತೋಟದ ಯಜಮಾನನದು. ಮೊದಲನೇ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿದ್ದು ಬಂದವನು. ಸ್ವಾತಂತ್ರ್ಯ ಬಂದ ಮೇಲೆ ತೋಟ ಮಾರಿ ಊರಿಗೆ ಹೊರಟಾಗ ನಿಮ್ಮಜ್ಜನ ಹೆಸರಿಗೆ ಬರೆಸಿ ಕೊಟ್ಟುಹೋದ. ಬರ್ಮಾದ ಕಥೆ ಅಣ್ಣನ ಸೃಷ್ಟಿ ಇರಬೇಕು, ಅವನಿಗೆ ಕಥೆ ಕಟ್ಟುವ ಚಾಳಿ ಇತ್ತು.

ಅದು ವೆಬ್ಲಿ ಮಾರ್ಕ್ 6. ಬ್ರಿಟಿಷ್ ಸೈನ್ಯ 1915ರಲ್ಲಿ ತೆಗೆದುಕೊಂಡ ಮಾದರಿ. ಆರಿಂಚಿನ ನಳಿಗೆ, ಬುಡ ಚೌಕಾಗಿರುವ ಕಪ್ಪು ಹಿಡಿ, ಅದರ ತಳದಲ್ಲಿ ದಾರ ಕಟ್ಟುವ ಬಳೆ. ತೋಟೆಗೆ ಬಡಿಯುವ ಸುತ್ತಿಗೆಯ ಎಡಪಕ್ಕದ ಲಾಚನ್ನು, ಅಂದರೆ ಚಿಲಕವನ್ನು, ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಒಳಗಿನ ನಕ್ಷತ್ರದಂಥ ತುಂಡು ಮೇಲೆದ್ದು ಖಾಲಿ ತೋಟೆಗಳನ್ನು ಹೊರಗೆ ತಳ್ಳುತ್ತದೆ. ಅಪ್ಪ ಆಯುಧಪೂಜೆಯ ದಿನ ಎಣ್ಣೆ ಹಚ್ಚಿ, ಹಾಗೆ ಒಮ್ಮೆ ಬಾಗಿಸಿ, ಆರೂ ತೂತು ಖಾಲಿ ಇದೆಯೆಂದು ನಮಗೆಲ್ಲ ತೋರಿಸಿ ಆಮೇಲೆ ಕುಂಕುಮ ಇಡುತ್ತಿದ್ದರು. ಲಾಚಿನ ಹತ್ತಿರ ಅವರ ಹೆಬ್ಬೆರಳು ಕೂರುವಲ್ಲಿ ಕಪ್ಪು ಬಣ್ಣ ಹೋಗಿ ಬೆಳ್ಳಗಾಗಿದೆ, ನೋಡು. ಅಲ್ಲ, ನೋಡಬೇಡ. ನೀನು ಅದನ್ನು ಬಿಚ್ಚುವುದೇ ಬೇಡ. ಅಣ್ಣ ಕೊನೆಗಾಲದಲ್ಲಿ ಹಂದಿ ಕಾಟಕ್ಕೆ ತೋಟೆ ತುಂಬಿಟ್ಟಿದ್ದನೋ ಏನೋ ಯಾರಿಗೆ ಗೊತ್ತು. ತಿಳಿದವರೇ ತೆಗೆದು ನೋಡಲಿ.

ಅದರ ಮೈಮೇಲೆ ಬಾಣದ ಗುರುತಿದ್ದರೆ ಬ್ರಿಟಿಷ್ ಸರ್ಕಾರದ ಮಾಲು. ಎರಡು ಬಾಣ ತುದಿಗೆ ತುದಿ ತಾಗಿದ್ದರೆ ಸೈನ್ಯದಿಂದ ಹೊರಗೆ ಮಾರಿದ್ದು. ಆ ಕಾಲದಲ್ಲಿ ಅಧಿಕಾರಿಗಳು ತಮ್ಮ ರಿವಾಲ್ವರನ್ನು ಕೈಯಿಂದ ಕೊಂಡುಕೊಳ್ಳುತ್ತಿದ್ದುದೂ ಉಂಟು, ಅಂಥದ್ದರಲ್ಲಿ ಬಾಣ ಇರದೆಯೂ ಇರಬಹುದು. ತೋಟೆ ತುಂಬುವ ಚಕ್ರದ ಮೇಲಿನ ನಂಬರು ಮೈಮೇಲಿನ ನಂಬರಿಗೆ ತಾಳೆಯಾದರೆ ಬೆಲೆ. ಅಮೆರಿಕಕ್ಕೆ ಹೋದ ಎಷ್ಟೋ ವೆಬ್ಲಿಗಳ ಚಕ್ರದ ಹಿಂಬದಿಯನ್ನು ಅಲ್ಲಿನ .45 ತೋಟೆಗೆ ಹೊಂದುವಂತೆ ಅರೆದುಬಿಟ್ಟಿದ್ದಾರೆ, ಅವುಗಳಿಗೆ ಕಿಮ್ಮತ್ತು ಕಡಿಮೆ. ನಮ್ಮದನ್ನು ಯಾರೂ ಮುಟ್ಟಿಲ್ಲ. ನೀನೂ ಬ್ರಾಸೋ ಹಚ್ಚಿ ತಿಕ್ಕಬೇಡ, ಹಳೆಯ ಬಣ್ಣ ಹೋದರೆ ಬೆಲೆಯೂ ಹೋಯಿತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತೀಯ. ಪಾಲಾದಾಗ ಅದು ನನಗೆ ಬೇಕಿತ್ತು ಪುಟ್ಟು. ಹೊಳೆಬದಿಯ ಗದ್ದೆ ನನಗೆ ಬಂತು, ಲೆಕ್ಕಕ್ಕೆ ನೋಡಿದರೆ ನನ್ನದೇ ಹೆಚ್ಚು. ಆದರೂ ರಿವಾಲ್ವರು ಹಿರಿಯವನಿಗೆ ಹೋಯಿತೆಂಬ ಕಹಿಯಲ್ಲಿ ಎಷ್ಟೋ ದಿನ ಅಣ್ಣನ ಮನೆಯ ಮೆಟ್ಟಿಲು ಹತ್ತಲಿಲ್ಲ. ಕಣ ಎಷ್ಟು ಗಜ, ಹಂಡೆ ಯಾರಿಗೆ ಎಂದು ಅಳೆದೆವು. ಅಪ್ಪನ ಕಾಗದದ ಪೆಟ್ಟಿಗೆಯನ್ನು ಮಾತ್ರ ಇಬ್ಬರೂ ಕೇಳಲಿಲ್ಲ. ದೊರೆ ಬರೆದುಕೊಟ್ಟ ಚೀಟಿ ಅದರಲ್ಲಿತ್ತು, ಅಟ್ಟದಲ್ಲಿ ಗೆದ್ದಲು ತಿಂದಿತು. ಈಗ ಬೆಲೆ ಕಟ್ಟುವವನು ಮೊದಲು ಕೇಳುವುದೇ ಅಂಥ ಚೀಟಿಯನ್ನು. ಬರ್ಮಾ ಕಥೆ ಅವನಿಗೆ ಬೇಡ.

ಬೆಲೆಯ ಆಸೆ ತಪ್ಪು ಅನ್ನುವುದಿಲ್ಲ, ಸಾಲ ಇದೆ ಅಂತ ನನಗೂ ಗೊತ್ತು. ಆದರೆ ಇಂಟರ್ನೆಟ್ಟಿನಲ್ಲಿ ನೀನು ಕಂಡ ಡಾಲರ್ ಬೆಲೆ ಹೊರದೇಶದ ಹರಾಜಿನದು. ಇಲ್ಲಿ ಮಾರಬೇಕಾದರೆ ಕೊಳ್ಳುವವನಿಗೂ ಈ ಬೋರಿನ ಪರವಾನಗಿ ಇರಬೇಕು, ಅದು ಡಿಸಿ ಆಫೀಸಿನಲ್ಲಿ ಮುಗಿಯುವ ಕೆಲಸವಲ್ಲ, ದೆಹಲಿಯ ಗೃಹ ಇಲಾಖೆಯ ತನಕ ಹೋಗುತ್ತದೆ. ಮದ್ರಾಸಿನಿಂದಲೋ ಎಲ್ಲಿಂದಲೋ ಬಂದ ಹಳೆಯ .32 ವೆಬ್ಲಿಗೆ ಜನ ಮುಗಿಬೀಳುತ್ತಾರೆ, ಅದು ಸಾಮಾನ್ಯ ಲೈಸೆನ್ಸಿಗೆ ಬರುತ್ತದೆ. ಇದಕ್ಕೆ ಕೊಳ್ಳುವವರೇ ಅಪರೂಪ.

ನನ್ನ ಮಾತು ಅತಿಯಾಯಿತೇನೋ. ಆದರೂ ಕೇಳು. ಲೈಸೆನ್ಸುದಾರ ತೀರಿಕೊಂಡರೆ ತಡ ಮಾಡದೆ ಠಾಣೆಗೋ ಲೈಸೆನ್ಸಿರುವ ಕೋವಿ ಅಂಗಡಿಗೋ ಒಪ್ಪಿಸಬೇಕೆಂದು ಕಾಯ್ದೆಯಲ್ಲೇ ಇದೆ. ಒಪ್ಪಿಸಿದರೆ ಕಳೆದುಕೊಂಡ ಹಾಗಲ್ಲ, ವಾರಸುದಾರನಾಗಿ ಅರ್ಜಿ ಹಾಕಬಹುದು, ಸಿಗುತ್ತದೋ ಬಿಡುತ್ತದೋ ಆಮೇಲಿನ ಮಾತು. ಎಲೆಕ್ಷನ್ ಬಂದಾಗಲೆಲ್ಲ ಅಣ್ಣ ಠಾಣೆಗೆ ಕೊಟ್ಟು ರಸೀದಿ ತರುತ್ತಿರಲಿಲ್ಲವೇ, ಹಾಗೇ. ಬೆಲೆ ಹೇಳುವವರು ಬೇಕಾದರೆ ಅಲ್ಲಿಗೇ ಬಂದು ನೋಡಲಿ. ಫೋಟೋ ಸಾಕೆಂದರೆ ಕಳಿಸು, ಆದರೆ ಗುಂಪುಗಳಿಗೆ ಹಾಕಬೇಡ, ಮನೆಯಲ್ಲಿ ಏನಿದೆಯೆಂದು ಊರಿಗೆಲ್ಲ ಸಾರಿದಂತಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಹಾಸನದಿಂದ ನಾನೇ ಬರುತ್ತೇನೆ. ಎಸ್‌ಐಗೆ ಮೊದಲೇ ಫೋನು ಮಾಡಿ, ಅವರು ಹೇಳಿದ ಹಾಗೆ ಮಾಡೋಣ. ಅಣ್ಣನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ತೆಗೆದಿಡು, ಅತ್ತಿಗೆಯದೂ ತಂಗಿಯದೂ ಒಪ್ಪಿಗೆ ಪತ್ರ ಮುಂದೆ ಬೇಕಾಗುತ್ತದೆ, ಅವರಿಗೂ ಹೇಳಿರು. ಬೀರುವಿನ ಕೀಲಿ ಅಲ್ಲಿಯವರೆಗೆ ಅತ್ತಿಗೆಯ ಹತ್ತಿರ ಇರಲಿ.

ಇಂತಿ,
ನಿನ್ನ ಚಿಕ್ಕಪ್ಪ